ಆಸ್ವಾಲ್ಡ್ ಏವರಿ

ಆಸ್ವಾಲ್ಡ್ ಥಿಯೊಡೋರ್ ಏವರಿ (1877–1955) ಕೆನಡಾದಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ವೈದ್ಯ ಹಾಗೂ ಸೂಕ್ಷ್ಮಜೀವಿ ವಿಜ್ಞಾನಿ. ನ್ಯುಮೋನಿಯಾ ರೋಗವನ್ನು ಉಂಟುಮಾಡುವ ನ್ಯೂಮೋಕಾಕಸ್ ಎಂಬ ಬ್ಯಾಕ್ಟೀರಿಯಾ ದೇಹದ ರಕ್ಷಣಾ ವ್ಯವಸ್ಥೆಯಿಂದ ತಪ್ಪಿಸಿಕೊಳ್ಳಲು ನೆರವಾಗುವ ಹೊರಕವಚದ ರಾಸಾಯನಿಕ ಸ್ವರೂಪವನ್ನು ತಿಳಿಸಿಕೊಟ್ಟವರಲ್ಲಿ ಇವರು ಪ್ರಮುಖರು. ಇದೇ ಕವಚದ ಅಧ್ಯಯನವು ಆನುವಂಶಿಕ ಗುಣಗಳನ್ನು ಹೊರುವ ವಸ್ತು ಡಿಎನ್‌ಎ ಎಂಬ ಶೋಧನೆಗೆ ದಾರಿಯಾಯಿತು.

ಬಾಲ್ಯ ಮತ್ತು ಶಿಕ್ಷಣ

ಏವರಿಯವರು 1877ರ ಅಕ್ಟೋಬರ್ 21ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ನಗರದಲ್ಲಿ ಜನಿಸಿದರು. ತಂದೆ ಬ್ಯಾಪ್ಟಿಸ್ಟ್ ಪಂಥದ ಪಾದ್ರಿ. 1887ರಲ್ಲಿ ಕುಟುಂಬವು ನ್ಯೂಯಾರ್ಕ್ ನಗರಕ್ಕೆ ಬಂದು ನೆಲೆಸಿತು. 1892ರಲ್ಲಿ ಅಣ್ಣ ಮತ್ತು ತಂದೆ ಇಬ್ಬರೂ ತೀರಿಕೊಂಡರು. ಕೋಲ್ಗೇಟ್ ವಿಶ್ವವಿದ್ಯಾಲಯದಲ್ಲಿ ಮಾನವಿಕ ವಿಷಯಗಳನ್ನು ಓದಿ 1900ರಲ್ಲಿ ಪದವಿ ಪಡೆದ ಅವರು, ನಂತರ ವೈದ್ಯಶಾಸ್ತ್ರದತ್ತ ಹೊರಳಿ 1904ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಗಳಿಸಿದರು.

ಕೆಲಕಾಲ ವೈದ್ಯವೃತ್ತಿ ನಡೆಸಿದರೂ, ಶ್ವಾಸಕೋಶದ ದೀರ್ಘಕಾಲಿಕ ಕಾಯಿಲೆಗಳಿಂದ ನರಳುವವರಿಗೆ ತಮ್ಮಿಂದ ಹೆಚ್ಚಿನ ಸಹಾಯವಾಗುತ್ತಿಲ್ಲ ಎಂಬ ಕೊರಗು ಅವರನ್ನು ಕಾಡಿತು. 1907ರಲ್ಲಿ ಚಿಕಿತ್ಸಾವೃತ್ತಿಯನ್ನು ತೊರೆದು ಬ್ರೂಕ್ಲಿನ್‌ನ ಹೋಗ್ಲ್ಯಾಂಡ್ ಪ್ರಯೋಗಾಲಯವನ್ನು ಸೇರಿದರು. 1913ರಲ್ಲಿ ರಾಕ್‌ಫೆಲ್ಲರ್ ಸಂಸ್ಥೆಯ ಆಸ್ಪತ್ರೆಗೆ ಬಂದರು. ಮುಂದಿನ ಮೂರು ದಶಕಗಳಿಗೂ ಹೆಚ್ಚು ಕಾಲ ಅದೇ ಅವರ ಕಾರ್ಯಕ್ಷೇತ್ರವಾಯಿತು.

ಕವಚದ ರಹಸ್ಯ

ಆ ಕಾಲದಲ್ಲಿ ನ್ಯುಮೋನಿಯಾ ಸಾವಿನ ಪ್ರಮುಖ ಕಾರಣಗಳಲ್ಲಿ ಒಂದಾಗಿತ್ತು. ದೇಹವನ್ನು ಹೊಕ್ಕ ಸೂಕ್ಷ್ಮಜೀವಿಗಳನ್ನು ಬಿಳಿರಕ್ತಕಣಗಳು ನುಂಗಿ ನಾಶಪಡಿಸುವುದು ಸಹಜ ಕ್ರಮ. ಆದರೆ ನ್ಯೂಮೋಕಾಕಸ್ ತನ್ನ ಸುತ್ತಲೂ ನುಣುಪಾದ ಕವಚವನ್ನು ಹೊದ್ದಿರುತ್ತದೆ. ಇದರಿಂದ ಬಿಳಿರಕ್ತಕಣಗಳಿಗೆ ಅದನ್ನು ಹಿಡಿಯುವುದು ಕಷ್ಟವಾಗುತ್ತದೆ. ಕವಚಕ್ಕೆ ತಕ್ಕ ಪ್ರತಿಕಾಯಗಳು ರಕ್ತದಲ್ಲಿ ಉತ್ಪತ್ತಿಯಾಗಿ ಅದಕ್ಕೆ ಅಂಟಿಕೊಂಡಾಗ ಮಾತ್ರ ಬ್ಯಾಕ್ಟೀರಿಯಾ ಸುಲಭವಾಗಿ ಸೆರೆಸಿಗುತ್ತದೆ. ನ್ಯೂಮೋಕಾಕಸ್‌ನಲ್ಲಿ ಅನೇಕ ಬಗೆಗಳಿದ್ದು, ಒಂದು ಬಗೆಯ ವಿರುದ್ಧ ಹುಟ್ಟಿದ ಪ್ರತಿಕಾಯ ಸಾಮಾನ್ಯವಾಗಿ ಇನ್ನೊಂದರ ಮೇಲೆ ಕೆಲಸ ಮಾಡುವುದಿಲ್ಲ. ಹೀಗಾಗಿ ಅಂದಿನ ಸೀರಮ್ ಚಿಕಿತ್ಸೆಯಲ್ಲಿ ರೋಗಿಗೆ ಯಾವ ಬಗೆ ತಗುಲಿದೆ ಎಂಬುದನ್ನು ಮೊದಲು ಗುರುತಿಸಬೇಕಾಗಿತ್ತು.

1917ರಲ್ಲಿ ಏವರಿ ಮತ್ತು ಡೋಶೆ ಅವರು ಆಯಾ ಬಗೆಗೇ ವಿಶಿಷ್ಟವಾದ, ನೀರಿನಲ್ಲಿ ಕರಗುವ ವಸ್ತುವೊಂದನ್ನು ರೋಗಿಗಳ ರಕ್ತ ಮತ್ತು ಮೂತ್ರದಲ್ಲಿ ಪತ್ತೆಹಚ್ಚಿದರು. 1923ರಲ್ಲಿ ರಸಾಯನಶಾಸ್ತ್ರಜ್ಞ ಮೈಕೆಲ್ ಹೈಡೆಲ್‌ಬರ್ಗರ್ ಅವರೊಡನೆ ನಡೆಸಿದ ಅಧ್ಯಯನವು ಅದು ಕವಚದಿಂದ ಬಂದ ಪಾಲಿಸ್ಯಾಕರೈಡ್, ಅಂದರೆ ಸಕ್ಕರೆಯ ಘಟಕಗಳಿಂದಾದ ವಸ್ತು ಎಂಬುದನ್ನು ತೋರಿಸಿತು. ಪ್ರತಿಕಾಯಗಳು ಪ್ರೋಟೀನುಗಳನ್ನು ಮಾತ್ರ ಗುರುತಿಸುತ್ತವೆ ಎಂಬ ಅಂದಿನ ನಂಬಿಕೆಯನ್ನು ಇದು ಅಲುಗಾಡಿಸಿತು. 1930ರ ಹೊತ್ತಿಗೆ ರೆನೆ ಡ್ಯುಬೊ ಅವರು ಮೂರನೆಯ ಬಗೆಯ ಕವಚವನ್ನು ಕರಗಿಸುವ ಕಿಣ್ವವೊಂದನ್ನು ಮಣ್ಣಿನ ಬ್ಯಾಕ್ಟೀರಿಯಾದಿಂದ ಪಡೆದರು. ಆ ಕಿಣ್ವವನ್ನು ನೀಡಿದಾಗ ಮಾರಕ ಸೋಂಕಿಗೆ ಒಳಗಾದ ಇಲಿಗಳೂ ಬದುಕುಳಿದವು. ಕವಚ ಕಳಚಿದ ಬ್ಯಾಕ್ಟೀರಿಯಾಗಳನ್ನು ಬಿಳಿರಕ್ತಕಣಗಳು ನಾಶಪಡಿಸಿದ್ದವು.

ಡಿಎನ್‌ಎ ಶೋಧನೆ

1928ರಲ್ಲಿ ಲಂಡನ್ನಿನ ಫ್ರೆಡರಿಕ್ ಗ್ರಿಫಿತ್ ಅವರು ಕಾಯಿಸಿ ಕೊಂದ ಕವಚಯುಕ್ತ ಬ್ಯಾಕ್ಟೀರಿಯಾಗಳನ್ನು ಕವಚವಿಲ್ಲದ ನಿರಪಾಯಕಾರಿ ಜೀವಂತ ಬ್ಯಾಕ್ಟೀರಿಯಾಗಳೊಡನೆ ಇಲಿಗಳಿಗೆ ಚುಚ್ಚಿದರು. ಇಲಿಗಳು ಸತ್ತವು, ಅವುಗಳ ದೇಹದಲ್ಲಿ ಕವಚವುಳ್ಳ ಜೀವಂತ ಬ್ಯಾಕ್ಟೀರಿಯಾಗಳು ದೊರೆತವು. ಏವರಿಯವರು ಇದನ್ನು ಮೊದಲಿಗೆ ಸುಲಭವಾಗಿ ಒಪ್ಪಲಿಲ್ಲ. ಅವರ ಪ್ರಯೋಗಾಲಯದ ಸಹೋದ್ಯೋಗಿಗಳೇ ಇದನ್ನು ದೃಢಪಡಿಸಿದ ಬಳಿಕ, ಕವಚ ಕಟ್ಟುವ ಶಕ್ತಿಯನ್ನು ವರ್ಗಾಯಿಸುವ ವಸ್ತು ಯಾವುದೆಂಬ ಹುಡುಕಾಟ ಆರಂಭವಾಯಿತು.

ಕಾಲಿನ್ ಮ್ಯಾಕ್‌ಲಿಯೋಡ್ ಮತ್ತು ಮ್ಯಾಕ್ಲಿನ್ ಮ್ಯಾಕಾರ್ಟಿ ಅವರೊಂದಿಗೆ ಏವರಿಯವರು ಆ ವಸ್ತುವನ್ನು ಶುದ್ಧೀಕರಿಸಿದರು. ಪ್ರೋಟೀನನ್ನಾಗಲಿ ಆರ್‌ಎನ್‌ಎಯನ್ನಾಗಲಿ ಒಡೆಯುವ ಕಿಣ್ವಗಳಿಂದ ಅದರ ಶಕ್ತಿ ಕುಂದಲಿಲ್ಲ. ಡಿಎನ್‌ಎಯನ್ನು ಒಡೆಯುವ ಕಿಣ್ವಗಳಿಂದ ಅದು ನಾಶವಾಯಿತು. 1944ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ತಮ್ಮ ತೀರ್ಮಾನವನ್ನು ಬಹಳ ಎಚ್ಚರಿಕೆಯಿಂದ ಮಂಡಿಸಿದರು. ಪ್ರೋಟೀನಿನ ಕಲಬೆರಕೆ ಉಳಿದಿರಬಹುದೆಂಬ ಶಂಕೆಯಿಂದ ಕೆಲವು ವಿಜ್ಞಾನಿಗಳು ಇದನ್ನು ಕೂಡಲೇ ಒಪ್ಪಿಕೊಳ್ಳಲಿಲ್ಲ.

ಕೊನೆಯ ದಿನಗಳು ಮತ್ತು ಪ್ರಭಾವ

ಅವಿವಾಹಿತರಾಗಿಯೇ ಉಳಿದ ಏವರಿಯವರಿಗೆ 1945ರಲ್ಲಿ ರಾಯಲ್ ಸೊಸೈಟಿಯ ಕೋಪ್ಲೆ ಪದಕ ಹಾಗೂ 1947ರಲ್ಲಿ ಲಾಸ್ಕರ್ ಪ್ರಶಸ್ತಿ ದೊರೆತವು. ನೊಬೆಲ್ ಪ್ರಶಸ್ತಿ ಮಾತ್ರ ಸಲ್ಲಲಿಲ್ಲ. 1948ರಲ್ಲಿ ಅವರು ತಮ್ಮ ರಾಯ್ ವಾಸಿಸುತ್ತಿದ್ದ ನ್ಯಾಶ್‌ವಿಲ್ ನಗರಕ್ಕೆ ತೆರಳಿ, 1955ರ ಫೆಬ್ರವರಿಯಲ್ಲಿ ಅಲ್ಲಿಯೇ ನಿಧನರಾದರು.

ಕವಚದ ಸಕ್ಕರೆಯನ್ನು ಪ್ರೋಟೀನಿಗೆ ಜೋಡಿಸಿದರೆ ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಎಂಬುದನ್ನು ಏವರಿ ಮತ್ತು ವಾಲ್ಟರ್ ಗೋಬೆಲ್ ಅವರು ಮೊಲಗಳಲ್ಲಿ ತೋರಿಸಿದ್ದರು. ಇಂದಿನ ಸಂಯುಕ್ತ ಲಸಿಕೆಗಳು ಇದೇ ತತ್ತ್ವವನ್ನು ಆಧರಿಸಿವೆ. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ 2017ರಿಂದ ಹಂತಹಂತವಾಗಿ ಮಕ್ಕಳಿಗೆ ನೀಡಲಾಗುತ್ತಿರುವ ನ್ಯೂಮೋಕಾಕಸ್ ಲಸಿಕೆಯೂ ಈ ವರ್ಗಕ್ಕೆ ಸೇರಿದ್ದಾಗಿದೆ.