ನಾಲ್ವಡಿ ಕೃಷ್ಣರಾಜ ಒಡೆಯರ್: ನಾಡಿನ ವೈದ್ಯಕೀಯ ಶಿಕ್ಷಣಕ್ಕೆ ಬುನಾದಿ ಹಾಕಿದ ಮಹಾರಾಜರು

ವೈದ್ಯಕೀಯ, ಶುಶ್ರೂಷೆ ಹಾಗೂ ಅರೆವೈದ್ಯಕೀಯ ಕೋರ್ಸುಗಳಿಗೆ ಪ್ರವೇಶ ಬಯಸಿ ಪ್ರತಿ ವರ್ಷ ನಾಡಿನ ಸಹಸ್ರಾರು ವಿದ್ಯಾರ್ಥಿಗಳು ಅರ್ಜಿ ಸಲ್ಲಿಸುತ್ತಾರೆ. ಒಂದು ಶತಮಾನದ ಹಿಂದೆ ಮೈಸೂರು ಸಂಸ್ಥಾನದಲ್ಲಿ ಇಂತಹ ಅವಕಾಶವಿರಲಿಲ್ಲ. ವೈದ್ಯಕೀಯ ಪದವಿ ಪಡೆಯಬೇಕಾದರೆ ಮದರಾಸು, ಮುಂಬಯಿ ಮುಂತಾದ ಪರಸ್ಥಳಗಳಿಗೆ ತೆರಳಬೇಕಾಗಿತ್ತು. ಈ ಕೊರತೆಯನ್ನು ನೀಗಿಸಿದ ಆಡಳಿತದ ನೇತೃತ್ವ ವಹಿಸಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಹಾಗೂ ವಿದ್ಯಾರ್ಥಿಗಳ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಶ್ರೀಯುತರು 1884ರ ಜೂನ್ 4ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಹತ್ತನೇ ಚಾಮರಾಜ ಒಡೆಯರ್, ತಾಯಿ ಮಹಾರಾಣಿ ಕೆಂಪನಂಜಮ್ಮಣ್ಣಿ. 1894ರ ಡಿಸೆಂಬರ್ ತಿಂಗಳಿನಲ್ಲಿ ಕಲ್ಕತ್ತೆಗೆ ತೆರಳಿದ್ದ ತಂದೆಯವರು ಗಂಟಲಮಾರಿ ರೋಗಕ್ಕೆ ತುತ್ತಾಗಿ 31ನೇ ವಯಸ್ಸಿನಲ್ಲಿಯೇ ನಿಧನ ಹೊಂದಿದರು. ಆಗ ಬಾಲಕ ಕೃಷ್ಣರಾಜರಿಗೆ ಹತ್ತು ವರ್ಷ. 1895ರಲ್ಲಿ ಅವರಿಗೆ ಪಟ್ಟಾಭಿಷೇಕ ನೆರವೇರಿತಾದರೂ ಅವರು ಪ್ರಾಪ್ತವಯಸ್ಕರಾಗುವವರೆಗೆ ತಾಯಿಯವರೇ ರೀಜೆಂಟರಾಗಿ ರಾಜ್ಯಭಾರ ನಡೆಸಿದರು.

ಪ್ಲೇಗು ಮತ್ತು ಕ್ಷಯ

ರೀಜೆನ್ಸಿಯ ಅವಧಿಯಲ್ಲಿಯೇ, ಅಂದರೆ 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಜನರು ಮನೆಮಠ ತೊರೆದು ಊರ ಹೊರಗಿನ ಗುಡಿಸಲುಗಳಲ್ಲಿ ವಾಸಿಸಬೇಕಾಯಿತು. 1900ರಲ್ಲಿ ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಉದ್ಘಾಟನೆಗೊಂಡಿತು. 1902ರ ಆಗಸ್ಟ್ 8ರಂದು ಆಡಳಿತದ ಪೂರ್ಣಾಧಿಕಾರ ವಹಿಸಿಕೊಂಡ ಮಹಾರಾಜರ ಕಾಲದಲ್ಲಿ, ಮಾರನೆಯ ವರ್ಷವೇ ಮೈಸೂರು ನಗರದ ನೈರ್ಮಲ್ಯ ಹಾಗೂ ವ್ಯವಸ್ಥಿತ ಬೆಳವಣಿಗೆಗಾಗಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿಯನ್ನು ರಚಿಸಲಾಯಿತು.

ಅರಮನೆಯೂ ರೋಗದಿಂದ ಹೊರತಾಗಿರಲಿಲ್ಲ. ಮಹಾರಾಜರ ಸಹೋದರಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಕ್ಷಯರೋಗದಿಂದ ತೀರಿಕೊಂಡರು. ಅವರ ಹೆಸರಿನಲ್ಲಿ 1921ರಲ್ಲಿ ಮೈಸೂರಿನಲ್ಲಿ ಕ್ಷಯರೋಗ ಆರೋಗ್ಯಧಾಮ ಆರಂಭವಾಯಿತು. ಕ್ಷಯರೋಗಾಣುವನ್ನು ನಾಶಪಡಿಸುವ ಔಷಧಿ ಅಂದು ಇರಲಿಲ್ಲ. ಶುದ್ಧ ಗಾಳಿ, ವಿಶ್ರಾಂತಿ, ಪುಷ್ಟಿಕರ ಆಹಾರ ಹಾಗೂ ತಿಂಗಳುಗಟ್ಟಲೆ ತಾಳ್ಮೆಯಿಂದ ಮಾಡುವ ಆರೈಕೆಯೇ ಚಿಕಿತ್ಸೆಯಾಗಿತ್ತು. ಆದುದರಿಂದ ಕಟ್ಟಡ ಕಟ್ಟಿದ ಮಾತ್ರಕ್ಕೆ ಆಸ್ಪತ್ರೆಯಾಗುವುದಿಲ್ಲ. ತರಬೇತಿ ಪಡೆದ ವೈದ್ಯರು ಹಾಗೂ ಶುಶ್ರೂಷಕಿಯರು ಅತ್ಯವಶ್ಯ.

ವೈದ್ಯಕೀಯ ಕಾಲೇಜಿನ ಸ್ಥಾಪನೆ

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಗೊಂಡಿತು. 1924ರಲ್ಲಿ ಬೆಂಗಳೂರಿನಲ್ಲಿ ಸಂಸ್ಥಾನದ ಮೊದಲ ವೈದ್ಯಕೀಯ ಕಾಲೇಜು ಪ್ರಾರಂಭವಾಗಿ, 1930ರಲ್ಲಿ ಮೈಸೂರಿಗೆ ವರ್ಗಾವಣೆಗೊಂಡಿತು. ಇಂದಿನ ಮೈಸೂರು ವೈದ್ಯಕೀಯ ಕಾಲೇಜು ಇದೇ ಆಗಿರುತ್ತದೆ. ತಾಯಿಯವರ ಸ್ಮರಣಾರ್ಥ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯು 1935ರಲ್ಲಿ ಸ್ತ್ರೀಯರ ಮತ್ತು ಮಕ್ಕಳ ಸೇವೆಗೆ ತೆರೆಯಲ್ಪಟ್ಟಿತು.

ಅವಕಾಶ ಯಾರಿಗೆ?

ಕಾಲೇಜು ಇದ್ದರೆ ಸಾಲದು, ಅದರ ಬಾಗಿಲವರೆಗೆ ಬರಲು ಮೊದಲು ಶಾಲೆಯ ಬಾಗಿಲು ತೆರೆದಿರಬೇಕು. ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಸಮುದಾಯಗಳ ಮಕ್ಕಳಿಗೆ ಸರ್ಕಾರಿ ಶಾಲೆಗಳಲ್ಲಿ ಪ್ರವೇಶ ನಿರಾಕರಿಸಬಾರದೆಂದು 1915ರಲ್ಲಿ ಆದೇಶಿಸಲಾಯಿತು. ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಸೂಕ್ತ ಪ್ರಾತಿನಿಧ್ಯ ದೊರಕಿಸುವ ಬಗ್ಗೆ ಪರಿಶೀಲಿಸಲು 1918ರಲ್ಲಿ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಲಾಯಿತು. ರೋಗಿಯ ಹಳ್ಳಿಯಿಂದಲೇ ವೈದ್ಯನೂ ಬರಬಹುದಾದ ದಾರಿಗೆ ಈ ಕ್ರಮಗಳು ಮೊದಲ ಮೆಟ್ಟಿಲುಗಳಾದವು.

ಚಾಮರಾಜನಗರ ಭಾಗಕ್ಕೆ ಸಂಬಂಧ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳು ಅಂದು ಮೈಸೂರು ಜಿಲ್ಲೆಗೆ ಸೇರಿದ್ದವು. ಅರಿಕುಠಾರವೆಂಬ ಹೆಸರಿನ ಊರಿಗೆ ತಮ್ಮ ತಂದೆಯವರ ನೆನಪಿಗಾಗಿ ಚಾಮರಾಜನಗರವೆಂದು ನಾಮಕರಣ ಮಾಡಿದವರು ಮುಮ್ಮಡಿ ಕೃಷ್ಣರಾಜ ಒಡೆಯರ್. ನಾಲ್ವಡಿಯವರ ಕಾಲದಲ್ಲಿ, 1926ರಲ್ಲಿ, ನಂಜನಗೂಡಿನವರೆಗೆ ಇದ್ದ ರೈಲು ಮಾರ್ಗವನ್ನು ಚಾಮರಾಜನಗರದವರೆಗೆ ವಿಸ್ತರಿಸಲಾಯಿತು. ಬದನಗುಪ್ಪೆಯ ಮೂಲಕ ಹಾದುಹೋಗುವ ಮಾರ್ಗ ಇದೇ ಆಗಿದೆ. ನಾಲ್ಕು ವರ್ಷಗಳ ತರುವಾಯ ವೈದ್ಯಕೀಯ ಕಾಲೇಜು ಮೈಸೂರಿಗೆ ಬಂದಾಗ, ಈ ಭಾಗದ ಜನರಿಗೆ ದೊಡ್ಡಾಸ್ಪತ್ರೆಯೂ ವೈದ್ಯಕೀಯ ವ್ಯಾಸಂಗವೂ ಒಂದೇ ರೈಲಿನ ಪ್ರಯಾಣದಷ್ಟು ಹತ್ತಿರವಾದವು.

ನಿಧನ

ರಾಜರ್ಷಿ ಎಂಬ ಗೌರವಕ್ಕೆ ಪಾತ್ರರಾದ ಮಹಾರಾಜರು 1940ರ ಆಗಸ್ಟ್ 3ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರಿಗೆ ಮಕ್ಕಳಿರಲಿಲ್ಲವಾದ್ದರಿಂದ ಸಹೋದರನ ಪುತ್ರ ಜಯಚಾಮರಾಜ ಒಡೆಯರ್ ಉತ್ತರಾಧಿಕಾರಿಯಾದರು.

ಇಂದಿನ ವಿದ್ಯಾರ್ಥಿಗಳ ಗಮನಕ್ಕೆ

1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು. 2016ರಲ್ಲಿ ಜಿಲ್ಲೆಯಲ್ಲಿಯೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭಗೊಂಡಿದೆ. ಎಂ.ಬಿ.ಬಿ.ಎಸ್. ಪದವಿಗೆ ಸೇರುವವರಿಗೆ ವ್ಯಾಸಂಗದ ಆರಂಭದಲ್ಲಿ ಬುನಾದಿ ತರಬೇತಿ ನೀಡುವ ಪದ್ಧತಿಯು 2019ರಿಂದ ದೇಶಾದ್ಯಂತ ಜಾರಿಯಲ್ಲಿದೆ. ವೃತ್ತಿಧರ್ಮ, ರೋಗಿಯೊಡನೆ ಮಾತನಾಡುವ ರೀತಿ, ಪ್ರಥಮ ಚಿಕಿತ್ಸೆ, ಆಸ್ಪತ್ರೆ ತ್ಯಾಜ್ಯದ ನಿರ್ವಹಣೆ, ಸ್ಥಳೀಯ ಭಾಷೆಯ ಕಲಿಕೆ ಹಾಗೂ ಆರೋಗ್ಯ ಕೇಂದ್ರಗಳ ಭೇಟಿ ಇದರಲ್ಲಿ ಸೇರಿರುತ್ತವೆ. ಹೊರಗಿನಿಂದ ಬಂದ ವಿದ್ಯಾರ್ಥಿಯು ರೋಗಿಯ ಕನ್ನಡವನ್ನು ಅರಿಯುವುದು ಚಿಕಿತ್ಸೆಯ ಮೊದಲ ಹಂತವಾಗಿರುತ್ತದೆ. ಆದುದರಿಂದ ಈ ತರಬೇತಿಯನ್ನು ಔಪಚಾರಿಕವೆಂದು ಭಾವಿಸದೆ ಪೂರ್ಣವಾಗಿ ಹಾಜರಾಗುವುದು ಸೂಕ್ತ.

ಪರಸ್ಥಳಕ್ಕೆ ಹೋಗಲಾಗದೆ ವ್ಯಾಸಂಗವನ್ನೇ ಕೈಬಿಟ್ಟವರ ಕಾಲವೊಂದಿತ್ತು. ಇಂದು ಜಿಲ್ಲೆಯಲ್ಲಿಯೇ ದೊರೆಯುತ್ತಿರುವ ಸೌಲಭ್ಯವನ್ನು ಅರ್ಹ ವಿದ್ಯಾರ್ಥಿಗಳು, ವಿಶೇಷವಾಗಿ ಗ್ರಾಮಾಂತರ ಪ್ರದೇಶದ ಹೆಣ್ಣುಮಕ್ಕಳು, ಸದುಪಯೋಗಪಡಿಸಿಕೊಳ್ಳಲು ಕೋರಲಾಗಿದೆ.