ಹನ್ನೆರಡು ವರ್ಷಗಳ ಅಲಿಖಿತ ನಿಷೇಧ ಮುರಿದ ಕೆನ್ನಿ ವಾಷಿಂಗ್ಟನ್

ಅಮೆರಿಕದ ಕ್ರೀಡಾರಂಗದಲ್ಲಿ ವರ್ಣಭೇದದ ಗೋಡೆಯನ್ನು ಕೆಡವಿದವರು ಯಾರೆಂದು ಕೇಳಿದರೆ ಜಾಕಿ ರಾಬಿನ್ಸನ್ ಎಂಬ ಉತ್ತರ ತಟ್ಟನೆ ಬರುತ್ತದೆ. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ಪರವಾಗಿ ಬೇಸ್‌ಬಾಲ್ ಕಣಕ್ಕಿಳಿದ ರಾಬಿನ್ಸನ್ ಜಗದ್ವಿಖ್ಯಾತರಾದರು. ಅದಕ್ಕೂ ಒಂದು ವರ್ಷ ಮೊದಲೇ, ಅವರದೇ ಕಾಲೇಜು ತಂಡದ ಸಹ ಆಟಗಾರನೊಬ್ಬ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಅಂಥದೇ ಬಾಗಿಲನ್ನು ತೆರೆದಿದ್ದ. ಆ ಆಟಗಾರನೇ ಕೆನ್ನಿ ವಾಷಿಂಗ್ಟನ್. ಆದರೆ ಬಾಗಿಲು ತೆರೆಯುವ ಹೊತ್ತಿಗೆ ಅವರ ಆಟದ ಉತ್ತಮ ವರ್ಷಗಳು ಕಳೆದುಹೋಗಿದ್ದವು.

ಅಮೆರಿಕನ್ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತ, ಇಲ್ಲವೇ ಎಸೆಯುತ್ತ, ನಾಲ್ಕು ಯತ್ನಗಳಲ್ಲಿ ಕನಿಷ್ಠ 10 ಗಜ ಮುನ್ನಡೆಯಬೇಕಾದ ಆಟವದು. ಎದುರಾಳಿಗಳು ಮೈಮೇಲೆ ಬಿದ್ದು ತಡೆಯುತ್ತಾರೆ. ಮೊಣಕಾಲು ಗಟ್ಟಿಯಿಲ್ಲದವನಿಗೆ ಅಲ್ಲಿ ಭವಿಷ್ಯವಿಲ್ಲ.

ಕಾಲೇಜಿನ ಕಣ್ಮಣಿ

ಕೆನ್ನಿ ಜನಿಸಿದ್ದು 1918ರ ಆಗಸ್ಟ್ 31ರಂದು, ಲಾಸ್ ಏಂಜಲೀಸ್‌ನಲ್ಲಿ. ತಂದೆ ಎಡ್ಗರ್ ವಾಷಿಂಗ್ಟನ್ ಕಪ್ಪು ವರ್ಣೀಯರ ಬೇಸ್‌ಬಾಲ್ ಲೀಗ್‌ನಲ್ಲಿ ಆಡಿ, ಬಳಿಕ ಚಲನಚಿತ್ರಗಳಲ್ಲಿ ಸಣ್ಣಪುಟ್ಟ ಪಾತ್ರ ವಹಿಸುತ್ತಿದ್ದರು. ಮಗ ಬೆಳೆದದ್ದು ಅಜ್ಜಿ ಹಾಗೂ ಚಿಕ್ಕಪ್ಪನ ಆಸರೆಯಲ್ಲಿ. ಲಿಂಕನ್ ಹೈಸ್ಕೂಲಿನಲ್ಲಿ ಹೆಸರು ಮಾಡಿದ ಕೆನ್ನಿ, ಮುಂದೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿದರು. ಯುಸಿಎಲ್‌ಎ ಎಂದೇ ಪ್ರಸಿದ್ಧವಾದ ಸಂಸ್ಥೆಯಿದು.

1939ರ ಆ ತಂಡದಲ್ಲಿ ಕೆನ್ನಿಯ ಜೊತೆಗೆ ಜಾಕಿ ರಾಬಿನ್ಸನ್ ಮತ್ತು ವುಡಿ ಸ್ಟ್ರೋಡ್ ಇದ್ದರು. ಬಹುತೇಕ ಕಾಲೇಜುಗಳು ಒಬ್ಬ ಕಪ್ಪು ವರ್ಣೀಯನನ್ನೂ ಕಣಕ್ಕಿಳಿಸದಿದ್ದ ಕಾಲವದು. ಆ ಋತುವಿನಲ್ಲಿ ಯುಸಿಎಲ್‌ಎ ಒಂದು ಪಂದ್ಯವನ್ನೂ ಸೋಲಲಿಲ್ಲ: ಆರು ಗೆಲುವು, ನಾಲ್ಕು ಡ್ರಾ. ಓಟ ಮತ್ತು ಎಸೆತ ಎರಡೂ ಸೇರಿ 1,370 ಗಜ ಗಳಿಸಿದ ಕೆನ್ನಿ ಇಡೀ ದೇಶಕ್ಕೇ ಅಗ್ರಸ್ಥಾನದಲ್ಲಿದ್ದರು. 600 ನಿಮಿಷಗಳ ಆಟದಲ್ಲಿ 580 ನಿಮಿಷ ಅವರು ಮೈದಾನದಲ್ಲೇ ಇದ್ದರು. ಡಿಸೆಂಬರ್‌ನಲ್ಲಿ ಕೊಲಿಸಿಯಂ ಕ್ರೀಡಾಂಗಣದಲ್ಲಿ ಪ್ರತಿಸ್ಪರ್ಧಿ ಯುಎಸ್‌ಸಿ ವಿರುದ್ಧ ನಡೆದ ಕೊನೆಯ ಪಂದ್ಯ 0–0 ಸಮಬಲದಲ್ಲಿ ಮುಗಿಯಿತು. ಅದನ್ನು ವೀಕ್ಷಿಸಿದವರು ಲಕ್ಷಕ್ಕೂ ಅಧಿಕ.

ಇಷ್ಟಾದರೂ ವರ್ಷದ ಅತ್ಯುತ್ತಮ ಆಟಗಾರರ ಪಟ್ಟಿಗಳಲ್ಲಿ ಅವರಿಗೆ ಬಹುಮಟ್ಟಿಗೆ ದಕ್ಕಿದ್ದು ಎರಡನೇ ತಂಡದ ಸ್ಥಾನ ಮಾತ್ರ.

ಕಾಗದದ ಮೇಲಿಲ್ಲದ ನಿಯಮ

ವೃತ್ತಿಪರ ಆಟಗಾರರ ಸಂಘಟನೆಯಾದ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ ಆರಂಭದ ವರ್ಷಗಳಲ್ಲಿ ಕೆಲವು ಕಪ್ಪು ವರ್ಣೀಯರು ಆಡಿದ್ದುಂಟು. 1933ರಲ್ಲಿ ಜೋ ಲಿಲ್ಲರ್ಡ್ ಮತ್ತು ರೇ ಕೆಂಪ್ ಆಡಿದ ಬಳಿಕ ಆ ದಾರಿ ಮುಚ್ಚಿತು. 1934ರಿಂದ 1945ರವರೆಗೆ, ಹನ್ನೆರಡು ಋತುಗಳಲ್ಲಿ, ಒಬ್ಬನೇ ಒಬ್ಬ ಕಪ್ಪು ವರ್ಣೀಯ ಆಟಗಾರ ಲೀಗ್‌ನಲ್ಲಿ ಕಾಣಿಸಲಿಲ್ಲ. ಹೀಗೆಂದು ಯಾವ ನಿಯಮಾವಳಿಯಲ್ಲೂ ಬರೆದಿರಲಿಲ್ಲ. ಮಾಲೀಕರ ನಡುವಿನ ಮೌನ ಸಮ್ಮತಿಯೇ ಸಾಕಾಗಿತ್ತು.

1940ರ ಆಗಸ್ಟ್‌ನಲ್ಲಿ ಕಾಲೇಜು ತಾರೆಗಳ ತಂಡದ ಪರ ಆಡಲು ಕೆನ್ನಿ ಷಿಕಾಗೋಗೆ ತೆರಳಿದ್ದರು. ಅವರ ಆಟಕ್ಕೆ ಮಾರುಹೋದ ಷಿಕಾಗೋ ಬೇರ್ಸ್ ತಂಡದ ಮಾಲೀಕ ಜಾರ್ಜ್ ಹಲಾಸ್ ಕೆಲವು ದಿನ ಅಲ್ಲಿಯೇ ಉಳಿಸಿಕೊಂಡರು. ಆದರೆ ಒಪ್ಪಂದ ಕೈಗೂಡಲಿಲ್ಲ. ಕೆನ್ನಿ ಬರಿಗೈಯಲ್ಲಿ ಊರಿಗೆ ಮರಳಿದರು.

ಮುಂದಿನ ವರ್ಷಗಳಲ್ಲಿ ಅವರು ಪೆಸಿಫಿಕ್ ಕರಾವಳಿಯ ಸಣ್ಣ ಲೀಗ್‌ನ ಹಾಲಿವುಡ್ ಬೇರ್ಸ್ ತಂಡಕ್ಕೆ ಆಡಿದರು. ಜೀವನೋಪಾಯಕ್ಕೆ ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯ ಕೆಲಸವಿತ್ತು. ಸ್ಥಳೀಯರ ಪಾಲಿಗೆ ಅವರು ಆರಾಧ್ಯ ದೈವ. ದೇಶದ ಪಾಲಿಗೆ ಅಜ್ಞಾತ. ಈ ನಡುವೆ ಮೊಣಕಾಲುಗಳು ಜಖಂಗೊಂಡವು, ಶಸ್ತ್ರಚಿಕಿತ್ಸೆಗಳಾದವು.

ಕ್ರೀಡಾಂಗಣ ಯಾರದ್ದು?

1945ರ ಡಿಸೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್ ರಾಮ್ಸ್ ತಂಡ 15–14 ಅಂತರದಿಂದ ವಾಷಿಂಗ್ಟನ್ ನಗರದ ತಂಡವನ್ನು ಮಣಿಸಿ ಚಾಂಪಿಯನ್ ಆಯಿತು. ಮರು ತಿಂಗಳೇ ಮಾಲೀಕ ಡ್ಯಾನ್ ರೀವ್ಸ್ ತಂಡವನ್ನು ಲಾಸ್ ಏಂಜಲೀಸ್‌ಗೆ ಸ್ಥಳಾಂತರಿಸಲು ನಿರ್ಧರಿಸಿದರು. ಅದಕ್ಕೆ ಬೇಕಾಗಿದ್ದುದು 1932ರ ಒಲಿಂಪಿಕ್ಸ್ ನಡೆದಿದ್ದ ಕೊಲಿಸಿಯಂ.

1946ರ ಜನವರಿಯಲ್ಲಿ ಕ್ರೀಡಾಂಗಣದ ಆಡಳಿತ ಮಂಡಳಿಯ ಸಭೆ ನಡೆಯಿತು. ರಾಮ್ಸ್ ಪರವಾಗಿ ಬಂದವರು ವ್ಯವಸ್ಥಾಪಕ ಚಾರ್ಲ್ಸ್ ವಾಲ್ಷ್. ಆ ಸಭೆಯಲ್ಲಿ ಎದ್ದುನಿಂತವರು ಲಾಸ್ ಏಂಜಲೀಸ್ ಟ್ರಿಬ್ಯೂನ್ ಎಂಬ ಕಪ್ಪು ವರ್ಣೀಯರ ಪತ್ರಿಕೆಯ ಕ್ರೀಡಾ ಬರಹಗಾರ ಹ್ಯಾಲಿ ಹಾರ್ಡಿಂಗ್. ಅವರ ವಾದ ಸರಳವಾಗಿತ್ತು. ಈ ಕ್ರೀಡಾಂಗಣ ಎಲ್ಲರ ತೆರಿಗೆ ಹಣದಲ್ಲಿ ನಿಂತಿದೆ. ಆ ತೆರಿಗೆದಾರರಲ್ಲಿ ಕಪ್ಪು ವರ್ಣೀಯರೂ ಇದ್ದಾರೆ. ಅವರನ್ನು ಹೊರಗಿಟ್ಟ ತಂಡಕ್ಕೆ ಇಲ್ಲಿ ಆಡುವ ಹಕ್ಕಿಲ್ಲ. ಕೆನ್ನಿಯಂಥ ಸ್ಥಳೀಯ ಪ್ರತಿಭೆಯ ಉದಾಹರಣೆ ಕಣ್ಣೆದುರೇ ಇತ್ತು. ಮಂಡಳಿಯ ಸದಸ್ಯರು ಆ ಮಾತನ್ನು ತಳ್ಳಿಹಾಕಲಿಲ್ಲ. ಕಪ್ಪು ವರ್ಣೀಯರಿಗೆ ಅವಕಾಶ ನೀಡುವುದಾಗಿ ರಾಮ್ಸ್ ಒಪ್ಪಬೇಕಾಯಿತು.

1946ರ ಮಾರ್ಚ್ 21ರಂದು ಕೆನ್ನಿಯೊಡನೆ ಒಪ್ಪಂದವಾಯಿತು. ಮೇ ತಿಂಗಳಲ್ಲಿ ವುಡಿ ಸ್ಟ್ರೋಡ್ ಕೂಡ ತಂಡ ಸೇರಿದರು. ರಾಮ್ಸ್ ಆಡಳಿತ ಹೃದಯ ಪರಿವರ್ತನೆಯಿಂದ ಈ ಹೆಜ್ಜೆಯಿಟ್ಟಿತು ಎನ್ನುವಂತಿಲ್ಲ. ಕ್ರೀಡಾಂಗಣದ ಬಾಡಿಗೆ ಕರಾರು ಅದಕ್ಕೆ ಅನಿವಾರ್ಯವಾಗಿತ್ತು. ಪತ್ರಕರ್ತನೊಬ್ಬನ ಹಟವೇ ಇಲ್ಲಿ ನಿರ್ಣಾಯಕವಾಯಿತು ಎಂಬುದು ಗಮನಾರ್ಹ.

1946ರ ಋತು

ಸೆಪ್ಟೆಂಬರ್ 29ರಂದು ಕೊಲಿಸಿಯಂನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ವಿರುದ್ಧ ರಾಮ್ಸ್ ಅಭಿಯಾನ ಆರಂಭವಾಯಿತು. ಹಾಲಿ ಚಾಂಪಿಯನ್ನರು 14–25ರಿಂದ ಸೋತರು. ಆಡಂ ವಾಲ್ಷ್ ತರಬೇತಿಯ, ಬಾಬ್ ವಾಟರ್‌ಫೀಲ್ಡ್‌ರಂಥ ತಾರೆಯಿದ್ದ ತಂಡ ಅಂತಿಮವಾಗಿ ಆರು ಗೆಲುವು, ನಾಲ್ಕು ಸೋಲು, ಒಂದು ಡ್ರಾದೊಂದಿಗೆ ಪಶ್ಚಿಮ ವಿಭಾಗದಲ್ಲಿ ಷಿಕಾಗೋ ಬೇರ್ಸ್ ನಂತರದ ಸ್ಥಾನಕ್ಕೆ ತೃಪ್ತಿಪಟ್ಟುಕೊಂಡಿತು.

ಆಗಸ್ಟ್‌ನಲ್ಲಿ 28ಕ್ಕೆ ಕಾಲಿಟ್ಟಿದ್ದ ಕೆನ್ನಿಗೆ ಸಿಕ್ಕಿದ್ದು ಆರೇ ಪಂದ್ಯ. 23 ಓಟಗಳಲ್ಲಿ ಅವರು ಗಳಿಸಿದ್ದು 114 ಗಜ. ಅಂಕಿ ಅಂಶಗಳ ದೃಷ್ಟಿಯಿಂದ ಸಾಧಾರಣ ಎನ್ನಬಹುದಾದ ಋತು. ಆದರೆ ಆ ಕಾಲುಗಳ ಸ್ಥಿತಿ ಮತ್ತು ಆ ದಿನಗಳ ವಾತಾವರಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅದನ್ನು ಅಳೆಯಲಾಗದು. ಪರ ಊರುಗಳಲ್ಲಿ ತಂಡ ತಂಗುವ ಹೋಟೆಲುಗಳ ಬಾಗಿಲು ಇವರಿಬ್ಬರಿಗೆ ತೆರೆದೇ ಇರುತ್ತದೆಂಬ ಭರವಸೆ ಇರಲಿಲ್ಲ. ಮೈದಾನದಲ್ಲಿ ನಿಂದನೆ, ಅನಗತ್ಯ ಹೊಡೆತಗಳನ್ನೂ ಸಹಿಸಬೇಕಿತ್ತು.

ಅದೇ ವರ್ಷ ಪ್ರತಿಸ್ಪರ್ಧಿ ಲೀಗ್‌ನ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡಕ್ಕೆ ಮ್ಯಾರಿಯನ್ ಮಾಟ್ಲಿ ಮತ್ತು ಬಿಲ್ ವಿಲ್ಲಿಸ್ ಸೇರಿದರು. ವೃತ್ತಿಪರ ಫುಟ್‌ಬಾಲ್‌ನ ಬಣ್ಣದ ಗೆರೆ ಅಳಿಸಿದವರು ಈ ನಾಲ್ವರು. ಸ್ಟ್ರೋಡ್ ಒಂದೇ ಋತುವಿನ ನಂತರ ರಾಮ್ಸ್‌ನಿಂದ ಹೊರಬಿದ್ದು, ಕೆನಡಾದಲ್ಲಿ ಆಡಿ, ಮುಂದೆ ಹಾಲಿವುಡ್ ನಟರಾಗಿ ಹೆಸರು ಗಳಿಸಿದರು.

92 ಗಜಗಳ ಓಟ

ಕೆನ್ನಿಯ ನಿಜವಾದ ಸಾಮರ್ಥ್ಯ ಲೀಗ್‌ಗೆ ಕಂಡದ್ದು 1947ರಲ್ಲಿ. ಆ ವರ್ಷ 60 ಓಟಗಳಲ್ಲಿ 444 ಗಜ ಗಳಿಸಿದರು. ಪ್ರತಿ ಓಟಕ್ಕೆ ಸರಾಸರಿ 7.4 ಗಜ, ಇದು ಲೀಗ್‌ನಲ್ಲೇ ಅತ್ಯಧಿಕ. ನವೆಂಬರ್ 2ರಂದು ಷಿಕಾಗೋ ಕಾರ್ಡಿನಲ್ಸ್ ವಿರುದ್ಧ ಅವರು 92 ಗಜ ಓಡಿ ಅಂಕ ಗಳಿಸಿದರು. ಜಖಂಗೊಂಡ ಮೊಣಕಾಲುಗಳ ಆ ಓಟ ಮುಂದಿನ ಏಳು ದಶಕಗಳಲ್ಲಿಯೂ ರಾಮ್ಸ್ ತಂಡದ ಅತಿ ಉದ್ದದ ಓಟವಾಗಿಯೇ ಉಳಿಯಿತು.

1948ರ ಡಿಸೆಂಬರ್‌ನಲ್ಲಿ ಕೊಲಿಸಿಯಂನಲ್ಲೇ ಅವರಿಗೆ ವಿದಾಯ ಹೇಳಲಾಯಿತು. ಮೂರು ಋತುಗಳಲ್ಲಿ ಒಟ್ಟು ಗಳಿಕೆ 859 ಗಜ; ಸರಾಸರಿ 6.1. ರಾಮ್ಸ್ ತಂಡ 1951ರಲ್ಲಿ ಮತ್ತೆ ಚಾಂಪಿಯನ್ ಆದಾಗ ಡ್ಯಾನ್ ಟೌಲರ್, ಟ್ಯಾಂಕ್ ಯಂಗರ್ ಎಂಬ ಕಪ್ಪು ವರ್ಣೀಯ ಆಟಗಾರರು ಅದರ ಬೆನ್ನೆಲುಬಾಗಿದ್ದರು.

ಇತರ ತಂಡಗಳು ಒಂದೊಂದಾಗಿ ದಾರಿಗೆ ಬಂದರೂ ವಾಷಿಂಗ್ಟನ್ ನಗರದ ತಂಡದ ಮಾಲೀಕ ಜಾರ್ಜ್ ಪ್ರೆಸ್ಟನ್ ಮಾರ್ಷಲ್ 1962ರವರೆಗೂ ಮಣಿಯಲಿಲ್ಲ. ಅವರನ್ನು ಮಣಿಸಿದ್ದೂ ಕ್ರೀಡಾಂಗಣವೇ. ಕೇಂದ್ರ ಸರ್ಕಾರದ ನೆಲದಲ್ಲಿ ನಿರ್ಮಾಣವಾದ ಹೊಸ ಕ್ರೀಡಾಂಗಣ ಬೇಕಿದ್ದರೆ ವರ್ಣಭೇದ ಬಿಡಬೇಕೆಂದು ಕೆನಡಿ ಸರ್ಕಾರ ಪಟ್ಟು ಹಿಡಿಯಿತು. ಹಾರ್ಡಿಂಗ್ 1946ರಲ್ಲಿ ಹೂಡಿದ್ದ ವಾದಕ್ಕೆ ಹದಿನಾರು ವರ್ಷಗಳ ಬಳಿಕ ಎರಡನೇ ಗೆಲುವು ದೊರಕಿತು.

ಕೆನ್ನಿಯ ಹೆಸರು 1956ರಲ್ಲಿ ಕಾಲೇಜು ಫುಟ್‌ಬಾಲ್‌ನ ಗೌರವ ಪಟ್ಟಿಗೆ ಸೇರಿತು. ಅವರು ಧರಿಸುತ್ತಿದ್ದ 13ನೇ ಸಂಖ್ಯೆಯ ಅಂಗಿಯನ್ನು ಯುಸಿಎಲ್‌ಎ ಬೇರಾರಿಗೂ ನೀಡದೆ ಕಾಯ್ದಿರಿಸಿತು. 1971ರ ಜೂನ್ 24ರಂದು, 52ನೇ ವಯಸ್ಸಿನಲ್ಲಿ, ಹುಟ್ಟಿ ಬೆಳೆದ ಲಾಸ್ ಏಂಜಲೀಸ್‌ನಲ್ಲೇ ಅವರು ನಿಧನ ಹೊಂದಿದರು. ಕಾಲೇಜು ಮುಗಿಸಿದ 1940ರಲ್ಲೇ ಲೀಗ್‌ನ ಬಾಗಿಲು ತೆರೆದಿದ್ದರೆ ದಾಖಲೆ ಪುಸ್ತಕಗಳಲ್ಲಿ ಅವರ ಹೆಸರಿನ ಮುಂದೆ ಇನ್ನೂ ಆರು ಋತುಗಳ ಲೆಕ್ಕವಿರುತ್ತಿತ್ತು.