ಕೈ ನಡುಗಿದರೆಲ್ಲ ಪಾರ್ಕಿನ್ಸನ್ಸ್ ಅಲ್ಲ: ಸ್ಯಾಮ್ಯುಯೆಲ್ ಆಡಮ್ಸ್ ಅವರಿಗಿದ್ದ ನಡುಕ ಯಾವುದು?

ಯಾರದಾದರೂ ಕೈ ನಡುಗಿದರೆ ಭಯ, ಕುಡಿತದ ಚಟ ಅಥವಾ ಪಾರ್ಕಿನ್ಸನ್ಸ್ ಎಂದು ನಾವು ಬೇಗ ತೀರ್ಮಾನಿಸುತ್ತೇವೆ. ಆದರೆ ಕೆಲವು ಮನೆತನಗಳಲ್ಲಿ ನಡುಕ ವಂಶಪಾರಂಪರ್ಯವಾಗಿ ಬರುತ್ತದೆ. ಅಮೆರಿಕದ ಸ್ವಾತಂತ್ರ್ಯ ಹೋರಾಟಗಾರ ಸ್ಯಾಮ್ಯುಯೆಲ್ ಆಡಮ್ಸ್ ಇದಕ್ಕೊಂದು ಉದಾಹರಣೆ.

1722ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಆಡಮ್ಸ್, ಬ್ರಿಟಿಷರು ಹೇರಿದ ತೆರಿಗೆಗಳ ವಿರುದ್ಧ ಲೇಖನ, ಪತ್ರಗಳನ್ನು ಬರೆದು ಜನರನ್ನು ಒಗ್ಗೂಡಿಸಿದರು. ನಡುವಯಸ್ಸಿನಲ್ಲೇ ಅವರ ಕೈ ನಡುಗಲು ಶುರುವಾಯಿತು. ತಲೆ, ದನಿಯಲ್ಲೂ ನಡುಕವಿತ್ತು. ಆದರೂ 1776ರಲ್ಲಿ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದರು, 1794ರಿಂದ 1797ರವರೆಗೆ ಮ್ಯಾಸಚೂಸೆಟ್ಸ್ ಗವರ್ನರ್ ಆಗಿದ್ದರು. ಕೊನೆಯ ವರ್ಷಗಳಲ್ಲಿ ಮಾತ್ರ ಸ್ವತಃ ಬರೆಯಲಾಗದೆ, ಬೇರೆಯವರಿಂದ ಬರೆಸಬೇಕಾಯಿತು. 1803ರಲ್ಲಿ ತೀರಿಕೊಂಡರು.

ಅವರ ಸಂಬಂಧಿ, ಅಧ್ಯಕ್ಷ ಜಾನ್ ಆಡಮ್ಸ್ ಮತ್ತು ಜಾನ್ ಅವರ ಮಗ, ಮುಂದೆ ಅಧ್ಯಕ್ಷರಾದ ಜಾನ್ ಕ್ವಿನ್ಸಿ ಆಡಮ್ಸ್ ಅವರಿಗೂ ಕೈನಡುಕವಿತ್ತು. ಹಳೆಯ ಕೈಬರಹ, ದಾಖಲೆಗಳನ್ನು ನೋಡಿದ ನರತಜ್ಞರು, ಸ್ಯಾಮ್ಯುಯೆಲ್ ಅವರಿಗಿದ್ದದ್ದು 'ಎಸೆನ್ಷಿಯಲ್ ಟ್ರೆಮರ್' ಎನ್ನುತ್ತಾರೆ. ಅವರ ಕಾಲದಲ್ಲಿ ಈ ವ್ಯತ್ಯಾಸ ಗುರುತಿಸುವುದು ಕಷ್ಟವಿತ್ತು. ಜೇಮ್ಸ್ ಪಾರ್ಕಿನ್ಸನ್ ತಮ್ಮ ಹೆಸರಿನ ಕಾಯಿಲೆಯನ್ನು ವಿವರಿಸಿದ್ದೇ 1817ರಲ್ಲಿ.

ಈಗ ವೈದ್ಯರು ಹೇಗೆ ಗುರುತಿಸುತ್ತಾರೆ?

• ಎಸೆನ್ಷಿಯಲ್ ಟ್ರೆಮರ್‌ನಲ್ಲಿ ಬರೆಯುವಾಗ, ಲೋಟ ಎತ್ತುವಾಗ ಕೈ ಹೆಚ್ಚು ನಡುಗುತ್ತದೆ. ಪಾರ್ಕಿನ್ಸನ್ಸ್‌ನಲ್ಲಿ ಸಾಮಾನ್ಯವಾಗಿ ಕೈ ಸುಮ್ಮನಿದ್ದಾಗ ನಡುಗುತ್ತದೆ. ಜೊತೆಗೆ ಚಲನೆ ನಿಧಾನವಾಗುತ್ತದೆ.
• ಎರಡೂ ಕೈಗಳಲ್ಲಿ ನಡುಕವಿದೆಯೇ, ಕನಿಷ್ಠ 3 ವರ್ಷಗಳಿಂದ ಇದೆಯೇ ಎಂದು ಕೇಳುತ್ತಾರೆ.
• ಸುರುಳಿ ಬರೆಸಿ ನೋಡುತ್ತಾರೆ. ಮನೆಯಲ್ಲಿ ಬೇರೆ ಯಾರಿಗೆ ನಡುಕವಿದೆ ಎಂದೂ ವಿಚಾರಿಸುತ್ತಾರೆ.
• ಥೈರಾಯ್ಡ್ ತೊಂದರೆ, ಕೆಲವು ಔಷಧಿಗಳಿಂದಲೂ ನಡುಕ ಬರುವುದರಿಂದ ಅದನ್ನೂ ಪರೀಕ್ಷಿಸುತ್ತಾರೆ.

ಈ ಕಾಯಿಲೆಯನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ. ಹಾಗಾಗಿ ಕುಟುಂಬದ ಚರಿತ್ರೆ ಮುಖ್ಯ. ಪೂರ್ಣ ವಾಸಿಯಾಗದಿದ್ದರೂ ನಡುಕ ಕಡಿಮೆ ಮಾಡುವ ಮಾತ್ರೆಗಳಿವೆ. ತೀವ್ರವಾದಾಗ ಶಸ್ತ್ರಚಿಕಿತ್ಸೆಯೂ ಇದೆ.

ಮನೆಯ ಹಿರಿಯರ ಕೈ ನಡುಗುತ್ತಿದ್ದರೆ 'ವಯಸ್ಸಾಯಿತು' ಎಂದು ಸುಮ್ಮನಿರಬೇಡಿ. ಕುಡಿತವೆಂದು ದೂರಲೂ ಬೇಡಿ. ಮನೆಮದ್ದಿನ ಫಾರ್ವರ್ಡ್ ಹುಡುಕುವ ಬದಲು ಅವರನ್ನು ನರರೋಗ ತಜ್ಞರ ಬಳಿ ಕರೆದೊಯ್ಯಿರಿ. ಅಜ್ಜ, ಅತ್ತೆ, ಚಿಕ್ಕಪ್ಪನಿಗೂ ಹೀಗೇ ಇತ್ತೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ.